ತಂಬೂರಿಯ ಐದು ಸೆಕೆಂಡು: ಐದು ಹಳೆಯ ಸ್ಯಾಂಪ್ಲರ್‌ಗಳ ಹೋಲಿಕೆ

ನನ್ನ ಹೆಂಡತಿಯ ತಂಬೂರಿ ಐದೂವರೆ ಮನೆ ಶ್ರುತಿಯದು. ಪಂಚಮ, ಎರಡು ಸಾರಣಿ, ಮಂದ್ರ ಎಂದು ನಾಲ್ಕು ತಂತಿಗಳನ್ನೂ ಅವಳು ಮೀಟುವ ನಿಧಾನಕ್ಕೆ ಒಂದು ಸುತ್ತು ಮುಗಿಯಲು ಐದು ಸೆಕೆಂಡು ಬೇಕು. ಮೆಲ್ಬರ್ನ್‌ನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಆ ಒಂದು ಸುತ್ತನ್ನೂ, ಊರಿನಿಂದ ತಂದ ಪೂಜೆಯ ಗಂಟೆಯ ಒಂದು ನಾದವನ್ನೂ, ಗೆಳೆಯರೊಬ್ಬರು ನುಡಿಸಿದ ಮೃದಂಗದ ಚಾಪು ಎಂಬ ಒಂದು ಹೊಡೆತವನ್ನೂ ಧ್ವನಿಮುದ್ರಿಸಿಕೊಂಡು, ಅದೇ ಮೂರು ನಾದಗಳನ್ನು 1980ರ ದಶಕದ ಐದು ಸ್ಯಾಂಪ್ಲರ್‌ಗಳಿಗೆ, ಅಂದರೆ ಹೊರಗಿನ ಧ್ವನಿಯನ್ನು ಹಿಡಿದು ಕೀಬೋರ್ಡಿನಲ್ಲಿ ನುಡಿಸುವ ಯಂತ್ರಗಳಿಗೆ, ಒಂದೊಂದಾಗಿ ಉಣಿಸಿ ನೋಡುವ ಕೆಲಸ ನನ್ನ ಎರಡು ವರ್ಷಗಳ ಶನಿವಾರಗಳನ್ನು ತಿಂದಿದೆ. ಆ ಐದು ಯಂತ್ರಗಳೆಂದರೆ ಫೇರ್‌ಲೈಟ್ ಸಿಎಂಐ ಎರಡನೆಯ ಸರಣಿ, ಇ-ಮ್ಯು ಸಂಸ್ಥೆಯ ಎಮ್ಯುಲೇಟರ್ 2, ಎನ್‌ಸೋನಿಕ್ ಮಿರಾಜ್, ಅಕಾಯ್ ಎಸ್‌900 ಮತ್ತು ಕ್ಯಾಸಿಯೋ ಎಸ್‌ಕೆ-1. ಇವುಗಳಲ್ಲಿ ಕೊನೆಯ ಮೂರು ನನ್ನ ಸ್ವಂತದವು. ಮೊದಲೆರಡನ್ನು ನುಡಿಸಿದ್ದು, ಸದಸ್ಯರಾದವರಿಗೆ ಹಳೆಯ ವಾದ್ಯಗಳನ್ನು ಗಂಟೆಗಳ ಲೆಕ್ಕದಲ್ಲಿ ಬಳಸಲು ಬಿಡುವ ಒಂದು ಸಂಗ್ರಹದಲ್ಲಿ.

ಈ ಯಂತ್ರಗಳನ್ನು ಹೋಲಿಸುವವರು ಸಾಮಾನ್ಯವಾಗಿ ಬಿಟ್‌ಗಳ ಲೆಕ್ಕದಿಂದ, ಅಂದರೆ ಯಂತ್ರ ಧ್ವನಿಯನ್ನು ಎಷ್ಟು ಸೂಕ್ಷ್ಮವಾಗಿ ಅಳೆಯುತ್ತದೆ ಎಂಬುದರಿಂದ, ಆರಂಭಿಸುತ್ತಾರೆ: ಇದು 8 ಬಿಟ್, ಅದು 12 ಬಿಟ್, ಆದ್ದರಿಂದ ಅದು ಮೇಲು. ನಾನೂ ಹಾಗೆಯೇ ಆರಂಭಿಸಿದ್ದೆ. ಆದರೆ ತಂಬೂರಿಯನ್ನು ಮುಂದಿಟ್ಟುಕೊಂಡು ಕುಳಿತ ಮೊದಲ ಶನಿವಾರವೇ ನನಗೆ ತಿಳಿದದ್ದೆಂದರೆ, ಯಂತ್ರವೊಂದು ಎಷ್ಟು ಬಿಟ್‌ಗಳಲ್ಲಿ ಕೇಳಿಸಿಕೊಳ್ಳುತ್ತದೆ ಎಂಬುದಕ್ಕಿಂತ ಎಷ್ಟು ಸೆಕೆಂಡು ನೆನಪಿಟ್ಟುಕೊಳ್ಳುತ್ತದೆ ಎಂಬುದೇ ಅದರಿಂದ ಹುಟ್ಟುವ ಸಂಗೀತವನ್ನು ನಿರ್ಧರಿಸುತ್ತದೆ. ಆ ಕಾಲದ ಹಾಡುಗಳು ಕೇಳಿಸುವಂತೆ ಕೇಳಿಸುವುದಕ್ಕೂ ದೊಡ್ಡ ಮಟ್ಟಿಗೆ ಅದೇ ಕಾರಣ ಎಂದು ಈಗ ನಾನು ನಂಬಿದ್ದೇನೆ.

ಸ್ಯಾಂಪ್ಲರ್ ಮಾಡುವ ಕೆಲಸ ಕೇಳಲು ಸರಳವಾಗಿದೆ. ಹೊರಗಿನಿಂದ ಬಂದ ಧ್ವನಿಯನ್ನು ಅದು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಅಳೆದು, ಪ್ರತಿ ಅಳತೆಯನ್ನೂ ಒಂದು ಸಂಖ್ಯೆಯಾಗಿ ಮೆಮೊರಿಯಲ್ಲಿಟ್ಟು, ಕೀಬೋರ್ಡಿನ ಮನೆಯನ್ನು ಒತ್ತಿದಾಗ ಆ ಸಂಖ್ಯೆಗಳನ್ನು ಮತ್ತೆ ಧ್ವನಿಯಾಗಿಸುತ್ತದೆ. ವೇಗವಾಗಿ ಓದಿದರೆ ಸ್ವರ ಏರುತ್ತದೆ, ನಿಧಾನವಾಗಿ ಓದಿದರೆ ಇಳಿಯುತ್ತದೆ. ಸೆಕೆಂಡಿಗೆ ಎಷ್ಟು ಬಾರಿ ಅಳೆಯುತ್ತೇವೆಯೋ ಅದರ ಅರ್ಧದಷ್ಟು ಕಂಪನಾಂಕದವರೆಗಿನ ಧ್ವನಿ ಮಾತ್ರ ಹಿಡಿಗೆ ಸಿಗುವುದರಿಂದ, ಮೆಮೊರಿ ಉಳಿಸಲು ಅಳತೆಯ ವೇಗ ಇಳಿಸಿದರೆ ನಾದದ ಮೇಲಿನ ಹೊಳಪು ಹೋಗುತ್ತದೆ. ಅಲ್ಲಿಗೆ ಎಲ್ಲ ವ್ಯವಹಾರವೂ ಉದ್ದ ಮತ್ತು ಹೊಳಪುಗಳ ನಡುವಿನ ಚೌಕಾಸಿಯಾಗುತ್ತದೆ. ಮೆಮೊರಿ ಚಿಪ್ಪುಗಳು ಬಂಗಾರದ ಬೆಲೆ ಬಾಳುತ್ತಿದ್ದ ಕಾಲದಲ್ಲಿ ಈ ಚೌಕಾಸಿಯನ್ನು ಐದು ಯಂತ್ರಗಳ ವಿನ್ಯಾಸಕಾರರು ಐದು ರೀತಿಯಲ್ಲಿ ಮುಗಿಸಿದರು.

ಫೇರ್‌ಲೈಟ್‌ನ ಮುಂದೆ ಕುಳಿತ ಮೊದಲ ದಿನ ನನಗಾದದ್ದು ವಾದ್ಯದ ಮುಂದೆ ಕುಳಿತ ಅನುಭವವಲ್ಲ, ಯಾವುದೋ ಸರ್ಕಾರಿ ಪ್ರಯೋಗಾಲಯದಲ್ಲಿ ಕುಳಿತ ಅನುಭವ. ಫ್ಯಾನುಗಳ ಸದ್ದು ಬಿಡದ ದೊಡ್ಡದೊಂದು ಪೆಟ್ಟಿಗೆ, ಎಂಟು ಅಂಗುಲದ ಫ್ಲಾಪಿಗಳಿಗಾಗಿ ಎರಡು ಬಾಯಿಗಳು, ಹಸಿರು ಅಕ್ಷರಗಳ ಪರದೆ, ಅದಕ್ಕೆ ತಾಗಿಸಿ ಬರೆಯಲು ದಾರ ಕಟ್ಟಿದಂತಿರುವ ಬೆಳಕಿನ ಪೆನ್ನು, ಇವೆಲ್ಲದರ ಪಕ್ಕದಲ್ಲಿ 73 ಮನೆಗಳ ಕೀಬೋರ್ಡ್. ಸಿಡ್ನಿಯ ಕಿಮ್ ರೈರಿ ಮತ್ತು ಪೀಟರ್ ವೋಗೆಲ್ 1975ರಲ್ಲಿ ಕಟ್ಟಿದ ಈ ಸಂಸ್ಥೆಗೆ ಫೇರ್‌ಲೈಟ್ ಎಂಬ ಹೆಸರು ಬಂದದ್ದು ಸಿಡ್ನಿ ಬಂದರಿನಲ್ಲಿ ಓಡಾಡುತ್ತಿದ್ದ ಒಂದು ದೋಣಿಯಿಂದ. ಟೋನಿ ಫರ್ಸ್ ಎಂಬ ಎಂಜಿನಿಯರ್ ರೂಪಿಸಿದ್ದ, ಎರಡು ಮೊಟೊರೊಲಾ 6800 ಪ್ರೊಸೆಸರ್‌ಗಳ ಕಂಪ್ಯೂಟರನ್ನು ಆಧಾರವಾಗಿಟ್ಟುಕೊಂಡು ಅವರು ಮೊದಲು ಹೊರಟದ್ದು ಧ್ವನಿಮುದ್ರಣದ ಯಂತ್ರ ಮಾಡಲಿಕ್ಕಲ್ಲ. ವಾದ್ಯಗಳ ನಾದವನ್ನು ಬರಿಯ ಲೆಕ್ಕದಿಂದ ಹುಟ್ಟಿಸಬೇಕೆಂಬುದು ಅವರ ಆಸೆಯಾಗಿತ್ತು. ಲೆಕ್ಕದ ನಾದ ಜೀವ ತಳೆಯದಿದ್ದಾಗ ವೋಗೆಲ್ ರೇಡಿಯೋದಲ್ಲಿ ಬರುತ್ತಿದ್ದ ಪಿಯಾನೋದ ಒಂದು ತುಣುಕನ್ನು ಹಿಡಿದು ಕೀಬೋರ್ಡಿನಲ್ಲಿ ನುಡಿಸಿ ನೋಡಿದರು. ಅಡ್ಡದಾರಿಯೆಂದು ಅವರೇ ಸ್ವಲ್ಪ ನಾಚಿಕೊಂಡು ಹಿಡಿದ ಆ ದಾರಿ 1979ರಲ್ಲಿ ಮಾರುಕಟ್ಟೆಗೆ ಬಂದ ಯಂತ್ರದ ಮುಖ್ಯ ಗುಣವಾಯಿತು. ನಾನು ನುಡಿಸಿದ ಎರಡನೆಯ ಸರಣಿ 1982ರದು. ಅದರ ಅಳತೆಯ ಗರಿಷ್ಠ ವೇಗ 30 ಕಿಲೊಹರ್ಟ್ಸ್‌ಗಿಂತ, ಅಂದರೆ ಸೆಕೆಂಡಿಗೆ 30 ಸಾವಿರ ಅಳತೆಗಳಿಗಿಂತ, ತುಸು ಹೆಚ್ಚು.

ಇಷ್ಟೆಲ್ಲ ವೈಭವದ ಯಂತ್ರಕ್ಕೆ ನನ್ನ ತಂಬೂರಿಯ ಸುತ್ತನ್ನು ಕೊಟ್ಟಾಗ ಅದು ಹಿಡಿದದ್ದು ಅರ್ಧ ಸೆಕೆಂಡು. ಪಂಚಮದ ತಂತಿಗೆ ಬೆರಳು ತಾಗಿ ಝೇಂಕಾರ ಆಗತಾನೆ ಅರಳತೊಡಗಿದಾಗಲೇ ಮೆಮೊರಿ ಮುಗಿದಿರುತ್ತದೆ. ಫೇರ್‌ಲೈಟ್‌ನ ಒಟ್ಟಿಗೆ ನುಡಿಯಬಲ್ಲ ಎಂಟು ಧ್ವನಿಗಳಲ್ಲಿ ಪ್ರತಿಯೊಂದಕ್ಕೂ ಪ್ರತ್ಯೇಕವಾದ ಕಾರ್ಡ್ ಇದೆ, ಪ್ರತಿ ಕಾರ್ಡಿನಲ್ಲೂ 16,384 ಸಂಖ್ಯೆಗಳಿಗೆ ಮಾತ್ರ ಜಾಗವಿದೆ. ಪೂರ್ಣ ವೇಗದಲ್ಲಿ ಅದು 0.54 ಸೆಕೆಂಡು, ಅರ್ಧ ವೇಗಕ್ಕೆ ಇಳಿಸಿದರೆ ಒಂದು ಸೆಕೆಂಡು ಚಿಲ್ಲರೆ. ಹಾಗಾಗಿ ಅಲ್ಲಿ ತಂಬೂರಿಯ ಸುತ್ತಿನ ಮಾತೇ ಇಲ್ಲ. ಒಂದು ತಂತಿಯ ಒಂದು ಮೀಟನ್ನು ಹಿಡಿದು ಲೂಪ್ ಮಾಡುವುದೇ, ಅಂದರೆ ಅದರ ಒಂದು ಭಾಗವನ್ನು ಮತ್ತೆ ಮತ್ತೆ ಓಡಿಸುವುದೇ, ಉಳಿದ ದಾರಿ.

ಲೂಪ್ ಮಾಡುವ ಕೆಲಸದಲ್ಲಿ ನಾನು ಫೇರ್‌ಲೈಟ್‌ನ ಸ್ವಭಾವವನ್ನು ಹತ್ತಿರದಿಂದ ನೋಡಿದೆ. ಅದು ತನ್ನ 16,384 ಅಳತೆಗಳನ್ನು ತಲಾ 128 ಅಳತೆಗಳ 128 ತುಂಡುಗಳಾಗಿ ಕಾಣುತ್ತದೆ, ಲೂಪ್ ಆರಂಭವಾಗುವುದೂ ಮುಗಿಯುವುದೂ ಈ ತುಂಡುಗಳ ಅಂಚಿನಲ್ಲಿಯೇ. ನಾದದ ಒಂದು ಕಂಪನ ತುಂಡಿನ ಅಂಚಿಗೆ ಸರಿಯಾಗಿ ಮುಗಿಯದಿದ್ದರೆ ಪ್ರತಿ ಸುತ್ತಿಗೂ ಟಿಕ್ ಟಿಕ್ ಎನ್ನುವ ಸದ್ದು. ಮೊದಲ ಎರಡು ಗಂಟೆ ನನಗೆ ಕೇಳಿಸಿದ್ದು ಆ ಟಿಕ್ ಟಿಕ್ ಮಾತ್ರ. ಆಮೇಲೆ ಕಾಗದ ತೆಗೆದು ಲೆಕ್ಕ ಹಾಕಿದೆ. ಐದೂವರೆ ಮನೆಯ ಷಡ್ಜಕ್ಕೆ ಸಾರಣಿಯ ತಂತಿ ಸೆಕೆಂಡಿಗೆ ಸುಮಾರು 207.65 ಬಾರಿ ಕಂಪಿಸುತ್ತದೆ. ಅದನ್ನು 128ರಿಂದ ಗುಣಿಸಿದರೆ 26,579. ಅಳತೆಯ ವೇಗವನ್ನು ಅಷ್ಟಕ್ಕೆ ಹೊಂದಿಸಿ ಮತ್ತೆ ಹಿಡಿದಾಗ, ಒಂದೊಂದು ತುಂಡಿನಲ್ಲಿ ಒಂದೊಂದು ಕಂಪನ ಅಕ್ಕಿಕಾಳು ಪೋಣಿಸಿದಂತೆ ಕುಳಿತುಬಿಟ್ಟಿತು. ಟಿಕ್ ಟಿಕ್ ನಿಂತಿತು. ಆದರೆ ಅದರೊಂದಿಗೆ ತಂಬೂರಿಯೂ ನಿಂತಿತು. ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸುವ ಜೀವಾಳದ ದಾರಕ್ಕೆ ತಂತಿ ಉಜ್ಜುತ್ತ ಒಂದರ ಹಿಂದೊಂದು ಏರಿಳಿಯುವ ಉಪಸ್ವರಗಳೇ ತಂಬೂರಿಯ ಪ್ರಾಣ. ಲೂಪಿನಲ್ಲಿ ಆ ಏರಿಳಿತ ಒಂದೇ ಕ್ಷಣದಲ್ಲಿ ಹೆಪ್ಪುಗಟ್ಟಿ, ಉಳಿದದ್ದು ತಿದಿ ಚೆನ್ನಾಗಿರುವ ಹಾರ್ಮೋನಿಯಂನ ಒಂದು ರೀಡು. ಅಕ್ಕಪಕ್ಕದ ಹಲವು ತುಂಡುಗಳನ್ನು ಸೇರಿಸಿ ಲೂಪ್ ಮಾಡಿದರೆ ಸ್ವಲ್ಪ ಚಲನೆ ಬರುತ್ತದೆ, ಅದು ಚಕ್ರಕ್ಕೆ ಕಲ್ಲು ಸಿಕ್ಕಿಕೊಂಡ ಸೈಕಲ್ಲಿನ ಚಲನೆ.

ಹೀಗೆಂದು ಫೇರ್‌ಲೈಟನ್ನು ಅಲ್ಲಗಳೆಯುವಂತಿಲ್ಲ. ಚಿಕ್ಕ ನಾದವನ್ನು ಅದು ಕೆತ್ತುವ ಬಗೆಯನ್ನು ಬೇರೆ ಯಾವ ಯಂತ್ರದಲ್ಲೂ ನಾನು ಕಾಣಲಿಲ್ಲ. ನಾದದ ಅಲೆಯನ್ನು ಬೆಟ್ಟಸಾಲಿನಂತೆ ಒಂದರ ಹಿಂದೊಂದಾಗಿ ತೋರಿಸುವ ಪುಟವೊಂದಿದೆ, ಬೆಳಕಿನ ಪೆನ್ನಿನಿಂದ ಅಲೆಯನ್ನೇ ಬರೆಯುವ ಪುಟವೊಂದಿದೆ, ಎಂಟು ಸಾಲುಗಳಲ್ಲಿ ಸ್ವರಗಳನ್ನು ಜೋಡಿಸಿ ತಾಳ ಕಟ್ಟುವ, ಪುಟ ಆರ್ ಎಂಬ ಹೆಸರಿನ ಪುಟವೊಂದಿದೆ. ಈ ಕೊನೆಯ ಪುಟದಲ್ಲಿ ಮೃದಂಗದ ಚಾಪನ್ನು ಜೋಡಿಸುತ್ತ ಕುಳಿತಾಗ ಒಂದು ಮಧ್ಯಾಹ್ನ ಹೋದದ್ದೇ ಗೊತ್ತಾಗಲಿಲ್ಲ. ತೋಳು ಎತ್ತಿ ಎತ್ತಿ ಪರದೆಗೆ ಪೆನ್ನು ತಾಗಿಸಿದ್ದರಿಂದ ಭುಜ ಮಾತ್ರ ಮರುದಿನವೂ ನೋಯುತ್ತಿತ್ತು.

ಎಮ್ಯುಲೇಟರ್ 2ರ ಕಥೆ ಮೆಮೊರಿಯನ್ನು ಹಂಚಿಕೊಂಡ ಕಥೆ. ಕ್ಯಾಲಿಫೋರ್ನಿಯಾದ ಇ-ಮ್ಯು ಸಂಸ್ಥೆಯ ಡೇವ್ ರಾಸಮ್ ಮತ್ತು ಸ್ಕಾಟ್ ವೆಜ್ ಫೇರ್‌ಲೈಟನ್ನು ನೋಡಿದಾಗ ಅವರ ಕಣ್ಣಿಗೆ ಬಿದ್ದದ್ದು ಅದರ ದುಂದುಗಾರಿಕೆ: ಒಂದೇ ನಾದವನ್ನು ಎಂಟು ಮನೆಗಳಲ್ಲಿ ಒಟ್ಟಿಗೆ ನುಡಿಸಬೇಕಾದರೆ ಅದರ ಪ್ರತಿಯನ್ನು ಎಂಟು ಕಾರ್ಡುಗಳಲ್ಲೂ ತುಂಬಬೇಕು. ಬಾವಿಗೊಂದು ಹಗ್ಗ, ಮನೆಗೊಂದು ಬಾವಿ ಎಂಬಂತಹ ಆ ಏರ್ಪಾಟಿನ ಬದಲು ಎಲ್ಲ ಧ್ವನಿಗಳೂ ಒಂದೇ ಬಾವಿಯಿಂದ ಸರದಿಯಲ್ಲಿ ಸೇದಿಕೊಳ್ಳುವ ವಿನ್ಯಾಸವನ್ನು ಅವರು ಮಾಡಿದರು. 1981ರ ಮೊದಲ ಎಮ್ಯುಲೇಟರ್‌ನ 128 ಕಿಲೊಬೈಟ್ ಮೆಮೊರಿ, ಫೇರ್‌ಲೈಟ್‌ನ ಎಂಟು ಕಾರ್ಡುಗಳ ಒಟ್ಟು ಮೆಮೊರಿಗೆ ಸರಿಸಮ. ಆದರೆ ಅಲ್ಲಿ ಅರ್ಧ ಸೆಕೆಂಡಾಗಿದ್ದದ್ದು ಇಲ್ಲಿ ಎರಡು ಸೆಕೆಂಡಾಯಿತು. 1984ರ ಎಮ್ಯುಲೇಟರ್ 2ರಲ್ಲಿ ಮೆಮೊರಿ 512 ಕಿಲೊಬೈಟ್‌ಗೆ ಏರಿ, 27.7 ಕಿಲೊಹರ್ಟ್ಸ್ ವೇಗದಲ್ಲಿ 17 ಸೆಕೆಂಡಿಗೂ ಹೆಚ್ಚು ಕಾಲದ ನಾದವನ್ನು ಅದು ಹಿಡಿಯಬಲ್ಲುದಾಯಿತು.

ಹದಿನೇಳು ಸೆಕೆಂಡೆಂದರೆ ನನ್ನ ತಂಬೂರಿಯ ಮೂರು ಪೂರ್ಣ ಸುತ್ತುಗಳು. ಮೊದಲ ಬಾರಿ ಅದು ಮೂರನ್ನೂ ಹಿಡಿದು ಮರಳಿ ನುಡಿಸಿದಾಗ, ಎರಡು ವಾರ ಫೇರ್‌ಲೈಟ್‌ನ ತುಂಡುಗಳೊಂದಿಗೆ ಗುದ್ದಾಡಿದ್ದ ನನಗೆ, ಇಕ್ಕಟ್ಟಿನ ಬಾಡಿಗೆ ಕೋಣೆಯಿಂದ ಹಜಾರವಿರುವ ಮನೆಗೆ ಬಂದಂತಾಯಿತು. ಅಳತೆಯ ವೇಗ ಫೇರ್‌ಲೈಟ್‌ಗಿಂತ ಕಡಿಮೆಯಾದ ಕಾರಣ ಝೇಂಕಾರದ ತುತ್ತತುದಿಯ ಮಿನುಗು ಸ್ವಲ್ಪ ಮಾಸಿದೆ, ನಿಜ. ಆದರೆ ಈ ಯಂತ್ರದಲ್ಲಿ ಪ್ರತಿ ಧ್ವನಿಗೂ ಹೊಳಪನ್ನು ಸೋಸುವ ಅನಲಾಗ್ ಫಿಲ್ಟರ್ ಒಂದಿದೆ. ಸಂಖ್ಯೆಗಳಿಂದ ಮರಳಿ ಬಂದ ಧ್ವನಿ ಆ ಫಿಲ್ಟರಿನ ಮೂಲಕ ಹಾಯುವಾಗ ಅದಕ್ಕೊಂದು ಎಣ್ಣೆ ಹಚ್ಚಿದ ಮರದ ಗುಣ ಬರುತ್ತದೆ. ಫಿಲ್ಟರನ್ನು ನಿಧಾನವಾಗಿ ತೆರೆಯುತ್ತ ಹೋದರೆ ತಂಬೂರಿಯ ಉಪಸ್ವರಗಳು ಮೇಲೇರುವ ಚಲನೆಗೆ ಯಂತ್ರವೂ ಕೈಜೋಡಿಸಿದಂತೆ ಕೇಳಿಸುತ್ತದೆ. ಡಿಪೆಶ್ ಮೋಡ್ ಮತ್ತು ಪೆಟ್ ಶಾಪ್ ಬಾಯ್ಸ್‌ನಂತಹ ತಂಡಗಳು ಈ ಯಂತ್ರವನ್ನು ನೆಚ್ಚಿಕೊಂಡದ್ದೇಕೆಂದು ಅಲ್ಲಿ ಕೈಯಿಟ್ಟ ಹತ್ತು ನಿಮಿಷಕ್ಕೆ ಅರ್ಥವಾಗುತ್ತದೆ. ಗುಂಡಿಗಳೆಲ್ಲ ಕೈಗೆ ಎಟುಕುವಲ್ಲಿವೆ, ಪರದೆ ನೋಡುತ್ತ ಕೂರುವ ಪ್ರಮೇಯವಿಲ್ಲ. ದೂರು ಹೇಳಲೇಬೇಕೆಂದರೆ ಫ್ಲಾಪಿಯಿಂದ ನಾದವನ್ನು ತುಂಬಿಕೊಳ್ಳಲು ಅದು ತೆಗೆದುಕೊಳ್ಳುವ ಸಮಯ. ಅಷ್ಟರಲ್ಲಿ ಒಂದು ಲೋಟ ಕಾಫಿ ಬೆರೆಸಿಕೊಳ್ಳಬಹುದು.

ಮಿರಾಜ್ ಬಡವರ ಸ್ಯಾಂಪ್ಲರ್. ಹಾಗೆ ಕರೆದರೆ ಅದಕ್ಕೆ ಅವಮಾನವಿಲ್ಲ, ಏಕೆಂದರೆ ಅದೇ ಅದರ ಹೆಗ್ಗಳಿಕೆ. ಎಮ್ಯುಲೇಟರ್ 2ಕ್ಕೆ ಅಮೆರಿಕದಲ್ಲಿ 7,995 ಡಾಲರ್ ಇದ್ದ ಹೊತ್ತಿನಲ್ಲಿ, ಪೆನ್ಸಿಲ್ವೇನಿಯಾದ ಎನ್‌ಸೋನಿಕ್ ಸಂಸ್ಥೆ ಇದನ್ನು 1,695 ಡಾಲರಿಗೆ ಮಾರುಕಟ್ಟೆಗೆ ತಂದಿತು. ಕಾಮೊಡೋರ್ 64 ಕಂಪ್ಯೂಟರಿನ ಪ್ರಸಿದ್ಧ ಧ್ವನಿ ಚಿಪ್ಪನ್ನು ರೂಪಿಸಿದ್ದ ಬಾಬ್ ಯಾನಸ್, ಇಲ್ಲಿ ಹತ್ತಾರು ಚಿಪ್ಪುಗಳ ಕೆಲಸವನ್ನು ಒಂದೇ ಚಿಪ್ಪಿಗೆ ಇಳಿಸಿದ್ದರಿಂದ ಅದು ಸಾಧ್ಯವಾಯಿತು. ನನ್ನ ಮಿರಾಜ್ ಸಿಕ್ಕಿದ್ದು ಒಂದು ಗ್ಯಾರೇಜ್ ಮಾರಾಟದಲ್ಲಿ. ವಾದ್ಯ ನಡೆಸುವ ತಂತ್ರಾಂಶವೂ ಅದರೊಳಗಿಲ್ಲ. ಪ್ರತಿ ಬಾರಿ ಚಾಲೂ ಮಾಡಿದಾಗಲೂ ಅದನ್ನು ಫ್ಲಾಪಿಯಿಂದ ಓದಬೇಕು. ಹಾಗಾಗಿ ಫ್ಲಾಪಿ ಡ್ರೈವ್ ಕೆಟ್ಟ ಮಿರಾಜ್ ಎಂದರೆ 61 ಮನೆಗಳ ಊಟದ ಮಣೆ. ನನ್ನದು ಮೂರು ತಿಂಗಳು ಮಣೆಯಾಗಿಯೇ ಇತ್ತು. ಆಮೇಲೆ ಯುಎಸ್‌ಬಿ ಕಡ್ಡಿಯಿಂದ ಓದುವ ಬದಲಿ ಡ್ರೈವ್ ಹಾಕಿಸಿದೆ.

ಅದರ ಪರದೆ ಎರಡು ಅಂಕೆಗಳದು. ನೂರರ ಹತ್ತಿರ ಇರುವ ಹೊಂದಾಣಿಕೆಗಳಲ್ಲಿ ನಮಗೆ ಬೇಕಾದ್ದರ ಸಂಖ್ಯೆಯನ್ನು ಒತ್ತಿ, ಅದರ ಮೌಲ್ಯವನ್ನು ಏರಿಸಿ ಇಳಿಸಬೇಕು. ಕೆಲವು ಮೌಲ್ಯಗಳು ಹತ್ತರ ಬದಲು ಹದಿನಾರರ ಎಣಿಕೆಯಲ್ಲಿ ಬರುವುದರಿಂದ ನಾನೊಂದು ಕೋಷ್ಟಕ ಬರೆದು ವಾದ್ಯದ ಮೇಲೆಯೇ ಅಂಟಿಸಿದ್ದೇನೆ. ಮೆಮೊರಿ ಎರಡು ಪಾಲು, ಎಡಗೈಗೆ ಒಂದು, ಬಲಗೈಗೆ ಒಂದು; ಒಂದೊಂದರಲ್ಲೂ ಅತಿ ಹೆಚ್ಚಿನ ವೇಗದಲ್ಲಿ ಸುಮಾರು ಎರಡು ಸೆಕೆಂಡು. ಇಲ್ಲಿ ಅಳತೆಯ ವೇಗವನ್ನು ಮೈಕ್ರೊಸೆಕೆಂಡುಗಳ ಇಡೀ ಸಂಖ್ಯೆಯಲ್ಲೇ ಹೇಳಬೇಕಾದ್ದರಿಂದ, ಫೇರ್‌ಲೈಟ್‌ಗೆ ಹಾಕಿದ ನನ್ನ ಲೆಕ್ಕ ಕೂಡಿಬರಲಿಲ್ಲ. ನನಗೆ ಬೇಕಾದದ್ದು 37.6, ಯಂತ್ರ ಕೊಡುವುದು 37 ಅಥವಾ 38. ಕೊನೆಗೆ 38ಕ್ಕೆ ಇಟ್ಟು ತಂಬೂರಿಯ ಶ್ರುತಿಯನ್ನೇ ಅರ್ಧ ಮನೆಯ ಆರನೇ ಒಂದು ಪಾಲಿನಷ್ಟು ಇಳಿಸಿಕೊಂಡೆ. ಯಂತ್ರದ ಅನುಕೂಲಕ್ಕೆ ತಂಬೂರಿ ಇಳಿಸುವವನನ್ನು ತಾನು ಮೊದಲ ಸಲ ನೋಡುತ್ತಿರುವುದಾಗಿ ನನ್ನ ಹೆಂಡತಿ ಹೇಳಿದಳು.

ಮಿರಾಜ್‌ನ ನಾದದಲ್ಲಿ ಒಂದು ಒರಟುತನವಿದೆ. ಫೇರ್‌ಲೈಟ್, ಎಮ್ಯುಲೇಟರ್ ಮತ್ತು ಎಸ್‌900 ಸ್ವರ ಬದಲಿಸುವಾಗ ಸಂಖ್ಯೆಗಳನ್ನು ಓದುವ ವೇಗವನ್ನೇ ಬದಲಿಸುತ್ತವೆ. ಮಿರಾಜ್‌ನ ಚಿಪ್ಪು ತನ್ನ ಓಟದ ವೇಗವನ್ನು ಬದಲಿಸದೆ, ಮೇಲಿನ ಸ್ವರಕ್ಕೆ ನಡುನಡುವೆ ಸಂಖ್ಯೆಗಳನ್ನು ಹಾರಿಸಿಬಿಡುತ್ತದೆ, ಕೆಳಗಿನ ಸ್ವರಕ್ಕೆ ಅದೇ ಸಂಖ್ಯೆಯನ್ನು ಎರಡೆರಡು ಬಾರಿ ಓದುತ್ತದೆ. ಮೆಟ್ಟಿಲು ಹಾರಿ ಇಳಿಯುವ ಹುಡುಗರ ಹೆಜ್ಜೆ ಸದ್ದಿನಂತೆ, ಮೂಲದಲ್ಲಿಲ್ಲದ ಲೋಹದ ಕಿರುಧ್ವನಿಗಳು ಅದರೊಳಗೆ ಸೇರಿಕೊಳ್ಳುತ್ತವೆ. ಅನಲಾಗ್ ಫಿಲ್ಟರ್ ಅವುಗಳಲ್ಲಿ ಬಹುಪಾಲನ್ನು ನುಂಗುತ್ತದೆ, ಉಳಿದದ್ದೇ ಅದರ ಗುಣ. ಜಿಮ್ಮಿ ಜ್ಯಾಮ್ ಮತ್ತು ಟೆರಿ ಲೂಯಿಸ್ ಎಂಬ ನಿರ್ಮಾಪಕ ಜೋಡಿ ಗಾಯಕಿ ಜಾನೆಟ್ ಜಾಕ್ಸನ್‌ಗಾಗಿ ಮಾಡಿದ ಧ್ವನಿಮುದ್ರಣಗಳಲ್ಲಿ ಈ ವಾದ್ಯದ ಒರಟು ಹೊಡೆತಗಳನ್ನು ತೆಗೆದು ಹಾಕಿ ಕೇಳಿಸಿಕೊಳ್ಳಲು ನನಗೆ ಸಾಧ್ಯವಿಲ್ಲ.

ಅಕಾಯ್ ಎಸ್‌900ರ ಬಗ್ಗೆ ಹೆಚ್ಚು ಬರೆಯಲು ಕೈ ಓಡುವುದಿಲ್ಲ, ಏಕೆಂದರೆ ಅದು ತೊಂದರೆ ಕೊಡುವುದಿಲ್ಲ. 1986ರದು, 12 ಬಿಟ್, ಎಂಟು ಧ್ವನಿಗಳು, ಸ್ವಂತ ಕೀಬೋರ್ಡ್ ಇಲ್ಲದ ಪೆಟ್ಟಿಗೆ, ಓದಬಲ್ಲ ಪರದೆ. ಎಷ್ಟು ಹೊಳಪು ಬೇಕೆಂದು ಅದು ನೇರವಾಗಿ ಕೇಳುತ್ತದೆ: 3,000 ಹರ್ಟ್ಸ್‌ನಿಂದ 16,000 ಹರ್ಟ್ಸ್‌ವರೆಗೆ ನೀವು ಆರಿಸಿದ್ದಕ್ಕೆ ತಕ್ಕಂತೆ ಎಷ್ಟು ಕಾಲ ಸಿಗುತ್ತದೆಂದು ತಾನೇ ಲೆಕ್ಕ ಹಾಕಿ ಹೇಳುತ್ತದೆ. ಪೂರ್ಣ ಹೊಳಪಿಗೆ 11.75 ಸೆಕೆಂಡು, ಅತಿ ಕಡಿಮೆಗೆ ಒಂದು ನಿಮಿಷಕ್ಕೂ ಸ್ವಲ್ಪ ಹೆಚ್ಚು. ಚೌಕಾಸಿಯನ್ನು ಇಷ್ಟು ಪ್ರಾಮಾಣಿಕವಾಗಿ ಮುಂದಿಟ್ಟ ಅಂಗಡಿ ಇದೊಂದೇ. ತಂಬೂರಿಯ ಎರಡು ಸುತ್ತನ್ನು ಪೂರ್ಣ ಹೊಳಪಿನಲ್ಲಿ ಹಿಡಿದು, ಲೂಪಿನ ಜಾಗ ಹುಡುಕಿ, ಕೆಲಸ ಮುಗಿಸಲು ನನಗೆ ಹಿಡಿದದ್ದು ಇಪ್ಪತ್ತು ನಿಮಿಷ. ಇದರ ಹಿಂದಿದ್ದ ವಿನ್ಯಾಸಕಾರ ಡೇವಿಡ್ ಕಾಕರೆಲ್, 1970ರ ಆಸುಪಾಸಿನಲ್ಲಿ ಲಂಡನ್ನಿನ ಇಎಂಎಸ್ ಸಂಸ್ಥೆಯ ಪ್ರಸಿದ್ಧ ಸಿಂಥಸೈಜರ್‌ಗಳನ್ನು ರೂಪಿಸಿದವರು. ಆ ಅನುಭವ ಈ ಪೆಟ್ಟಿಗೆಯ ಅಚ್ಚುಕಟ್ಟಿನಲ್ಲಿ ಕಾಣುತ್ತದೆ.

ಎಸ್‌ಕೆ-1ನ್ನು ಈ ಸಾಲಿನಲ್ಲಿ ನಿಲ್ಲಿಸಿದ್ದಕ್ಕೆ ಕೆಲವರು ನಗಬಹುದು. ನನ್ನ ಮಟ್ಟಿಗೆ ಎಲ್ಲವೂ ಆರಂಭವಾದದ್ದು ಅದರಿಂದಲೇ. ಮಸ್ಕತ್‌ನಲ್ಲಿದ್ದ ಚಿಕ್ಕಪ್ಪ 1988ರ ಬೇಸಿಗೆ ರಜೆಗೆ ತೀರ್ಥಹಳ್ಳಿಗೆ ಬಂದಾಗ ತಂದುಕೊಟ್ಟ, ಸಣ್ಣ ಸಣ್ಣ 32 ಮನೆಗಳ ಆಟಿಕೆ ಅದು. ಮೇಲ್ಭಾಗದಲ್ಲೇ ಇರುವ ಮೈಕಿಗೆ ಬಾಯಿಟ್ಟು ಕೂಗಿದರೆ ಒಂದೂವರೆ ಸೆಕೆಂಡಿಗೂ ಕಡಿಮೆ ಕಾಲದ ಕೂಗು ಅದರೊಳಗೆ ಸೇರಿಕೊಂಡು, ಮನೆ ಒತ್ತಿದಂತೆಲ್ಲ ಸ್ವರವಾಗಿ ಹೊರಬರುತ್ತದೆ. ಕೊಟ್ಟಿಗೆಯ ಗೌರಿಯ ಅಂಬಾ ಕೂಗನ್ನು ಹಿಡಿದು ಸರಿಗಮ ನುಡಿಸಿದಾಗ ಅಜ್ಜಿ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಈಗಲೂ ಕಣ್ಣಮುಂದಿದೆ. ನಮ್ಮ ಕಡೆಯ ವಾದ್ಯಗೋಷ್ಠಿಗಳಲ್ಲಿ ಕೀಬೋರ್ಡ್ ಯಾವ ಕಂಪನಿಯದಾದರೂ ಅದನ್ನು ಕ್ಯಾಸಿಯೋ ಎಂದೇ ಕರೆಯುತ್ತಿದ್ದ ಕಾಲ ಅದು. ಸ್ಯಾಂಪ್ಲರ್ ಎಂಬ ಮಾತು ಕಿವಿಗೆ ಬೀಳುವ ಮೊದಲೇ ಸ್ಯಾಂಪ್ಲರ್ ನಮ್ಮ ಜಗಲಿಯಲ್ಲಿತ್ತು. ಅದರ ಅಳತೆಯ ವೇಗ 9.38 ಕಿಲೊಹರ್ಟ್ಸ್. ತಂಬೂರಿಯನ್ನು ಕೊಟ್ಟರೆ ಒಂದು ತಂತಿಯ ಮೀಟು ಸಿಗುತ್ತದೆ, ಹಳೆಯ ಟೆಲಿಫೋನಿನಲ್ಲಿ ಕೇಳಿದಂತೆ.

ಗಂಟೆಯ ಪರೀಕ್ಷೆಯಲ್ಲಿ ಬಿಟ್‌ಗಳ ಲೆಕ್ಕ ಕೊನೆಗೂ ಮುಖ ತೋರಿಸಿತು. ಗಂಟೆಯ ಪೆಟ್ಟು ಜೋರು, ಅದರ ಬಾಲ ಉದ್ದ ಮತ್ತು ಕ್ಷೀಣ. 8 ಬಿಟ್ ಎಂದರೆ ಧ್ವನಿಯ ಎತ್ತರವನ್ನು ಅಳೆಯಲು 256 ಮೆಟ್ಟಿಲುಗಳು. ಪೆಟ್ಟು ಬಿದ್ದ ಹೊತ್ತಿಗೆ ಅವೆಲ್ಲವೂ ಬಳಕೆಯಾಗುತ್ತವೆ, ಆದರೆ ನಾದ ಅರವತ್ತನಾಲ್ಕನೇ ಒಂದು ಪಾಲಿಗೆ ಇಳಿದಾಗ ಅದನ್ನು ಅಳೆಯಲು ಉಳಿಯುವುದು ನಾಲ್ಕೇ ಮೆಟ್ಟಿಲು. ಮಿರಾಜ್‌ನಲ್ಲಿ ಗಂಟೆಯ ಬಾಲ ಮರಳಿನ ಮೇಲೆ ತಂಬಿಗೆ ಎಳೆದಂತೆ ಗರಗರ ಎನ್ನುತ್ತದೆ. ಎಸ್‌900ರ 4,096 ಮೆಟ್ಟಿಲುಗಳಲ್ಲಿ ಅದೇ ಕ್ಷಣಕ್ಕೆ 64 ಉಳಿದಿರುತ್ತವೆ, ಬಾಲ ಸ್ವಚ್ಛವಾಗಿ ಕರಗುತ್ತದೆ. ಎಮ್ಯುಲೇಟರ್ 2 ಇಲ್ಲೊಂದು ಜಾಣತನ ಮಾಡಿದೆ. ಅದರ ಸಂಖ್ಯೆಗಳೂ 8 ಬಿಟ್‌ನವೇ, ಆದರೆ ಮೆಟ್ಟಿಲುಗಳ ಎತ್ತರ ಒಂದೇ ಅಲ್ಲ: ಸಣ್ಣ ಧ್ವನಿಗೆ ಗಿಡ್ಡ ಮೆಟ್ಟಿಲು, ದೊಡ್ಡ ಧ್ವನಿಗೆ ಎತ್ತರದ ಮೆಟ್ಟಿಲು. ಹಾಗಾಗಿ ಬಾಲ ಹೆಚ್ಚೂಕಡಿಮೆ ಎಸ್‌900ರಷ್ಟೇ ಚೊಕ್ಕಟವಾಗಿ ಬರುತ್ತದೆ, ಪೆಟ್ಟಿನ ಗದ್ದಲದ ಮರೆಯಲ್ಲಿ ಸ್ವಲ್ಪ ಕೊರಕಲು ಅಡಗಿರುತ್ತದೆ. ಫೇರ್‌ಲೈಟ್‌ಗೆ ಈ ಸಮಸ್ಯೆಯೇ ಬರಲಿಲ್ಲ, ಗರಗರ ಎನ್ನಲು ಬಾಲ ಉಳಿದಿದ್ದರೆ ತಾನೆ! ಆದರೆ ಅರ್ಧ ಸೆಕೆಂಡಿನ ಆ ಪೆಟ್ಟನ್ನು ಒಂದು ಸ್ಥಾಯಿ ಕೆಳಗೆ ನುಡಿಸಿದಾಗ ನಮ್ಮ ಪೂಜೆಯ ಗಂಟೆ ರಥೋತ್ಸವದ ಜಾಗಟೆಯಾಗಿ ಕೋಣೆ ತುಂಬಿತು. ಅಲ್ಲಿದ್ದ ಇತರ ಸದಸ್ಯರು ತಲೆಯೆತ್ತಿ ನೋಡಿದ್ದು ಆ ಒಂದು ನಾದಕ್ಕೆ ಮಾತ್ರ.

ಮೃದಂಗದ ಚಾಪಿನಲ್ಲಿ ಐದಕ್ಕೂ ತೇರ್ಗಡೆ ಕೊಡಬಹುದು. ಅಷ್ಟು ಚಿಕ್ಕ ನಾದಕ್ಕೆ ಎಲ್ಲರ ಮೆಮೊರಿಯೂ ಸಾಕು. ನನಗೆ ಮೆಚ್ಚುಗೆಯಾದದ್ದು ಮಿರಾಜ್, ಚರ್ಮದ ಬಿಗುವಿಗೆ ಅದರ ಒರಟು ಚೆನ್ನಾಗಿ ಒಪ್ಪುತ್ತದೆ.

ಜಾಗಟೆಯ ಆ ಅನುಭವವೇ ನನಗೆ ಆ ದಶಕದ ಸಂಗೀತದ ಕೀಲಿಯಾಯಿತು. ಫೇರ್‌ಲೈಟ್ ಬ್ರಿಟನ್ನಿನಲ್ಲಿ ಸುಮಾರು 18,000 ಪೌಂಡಿಗೆ ಬಂದಾಗ ಅದನ್ನು ಕೊಂಡವರು ಗಾಯಕ ಪೀಟರ್ ಗೇಬ್ರಿಯಲ್‌ರಂತಹ ಬೆರಳೆಣಿಕೆಯ ಮಂದಿ. ಅಷ್ಟು ಹಣ ಕೊಟ್ಟವರಿಗೂ ಸಿಕ್ಕಿದ್ದು ಅರ್ಧ, ಒಂದು ಸೆಕೆಂಡು. ಉದ್ದನೆಯ ನಾದಕ್ಕೆ ಜಾಗವಿಲ್ಲದ ಕಡೆ ಪೆಟ್ಟು ರಾಜನಾಗುತ್ತದೆ. ಗಾಜು ಒಡೆಯುವ ಸದ್ದು, ಬಾಗಿಲು ಬಡಿಯುವ ಸದ್ದು, ಇಡೀ ವಾದ್ಯವೃಂದ ಒಂದೇ ಉಸಿರಿನಲ್ಲಿ ಹೊಡೆದ ಒಂದು ಹೊಡೆತ. ಈ ಕೊನೆಯದಕ್ಕೆ ಸ್ಪಷ್ಟವಾದ ವಂಶಾವಳಿಯೇ ಇದೆ. ಸ್ಟ್ರಾವಿನ್‌ಸ್ಕಿಯ ಫೈರ್‌ಬರ್ಡ್ ಬ್ಯಾಲೆ ಸಂಗೀತದ ಒಂದು ಹೊಡೆತವನ್ನು ಸಂಗೀತಕಾರ ಡೇವಿಡ್ ವೋರ್‌ಹೌಸ್ ಫೇರ್‌ಲೈಟ್‌ಗೆ ತುಂಬಿಸಿದರು. ಯಂತ್ರದೊಂದಿಗೆ ಬರುತ್ತಿದ್ದ ಫ್ಲಾಪಿಗಳಲ್ಲಿ ಅದು ಆರ್ಕ್5 ಎಂಬ ಹೆಸರಿನಲ್ಲಿ ಸೇರಿ, 1982ರಲ್ಲಿ ಆಫ್ರಿಕಾ ಬಂಬಾಟಾ ಅವರ ಪ್ಲಾನೆಟ್ ರಾಕ್ ಹಾಡಿನ ಮೂಲಕ ನ್ಯೂಯಾರ್ಕಿನ ಹಿಪ್‌ಹಾಪ್‌ಗೆ ದಾಟಿತು. 1910ರಲ್ಲಿ ಪ್ಯಾರಿಸ್ಸಿನ ರಂಗಮಂದಿರಕ್ಕಾಗಿ ಬರೆದ ಸ್ವರಸಮೂಹವೊಂದು ಬ್ರಾಂಕ್ಸ್‌ನ ಹುಡುಗರ ಕುಣಿತಕ್ಕೆ ತಾಳವಾಗಬೇಕಾದರೆ ಅದು ಮೊದಲು ಒಂದು ಸೆಕೆಂಡಿಗಿಂತ ಚಿಕ್ಕದಾಗಬೇಕಿತ್ತು. ಆ ಫ್ಯಾಷನ್ ಎಷ್ಟು ಹಬ್ಬಿತೆಂದರೆ, 1985ರ ತಮ್ಮ ಆಲ್ಬಮ್ಮಿನ ಹೊದಿಕೆಯ ಮೇಲೆ ಗಾಯಕ ಫಿಲ್ ಕಾಲಿನ್ಸ್ ಇದರಲ್ಲಿ ಫೇರ್‌ಲೈಟ್ ಬಳಸಿಲ್ಲವೆಂದು ಅಚ್ಚು ಹಾಕಿಸಿದರು.

ಎಮ್ಯುಲೇಟರ್ 2 ಬಂದ ಮೇಲೆ ಉಸಿರು ಉದ್ದವಾಯಿತು. ಅದರ ಫ್ಲಾಪಿಯಲ್ಲಿದ್ದ ಜಪಾನಿನ ಶಾಕುಹಾಚಿ ಕೊಳಲಿನ ನಾದ, ಊದಿನ ಮೊದಲ ಸುಯ್ಲಿನಿಂದ ಕೊನೆಯ ಅಲುಗಾಟದವರೆಗೆ ಇಡಿಯಾಗಿ, 1986ರ ಗೇಬ್ರಿಯಲ್‌ರ ಸ್ಲೆಡ್ಜ್‌ಹ್ಯಾಮರ್ ಹಾಡಿನ ಆರಂಭಕ್ಕೆ ಬಂತು. ಅರ್ಧ ಸೆಕೆಂಡಿನಲ್ಲಿ ಆ ಕೊಳಲು ಉಸಿರು ತೆಗೆದುಕೊಳ್ಳುವುದರಲ್ಲೇ ಮುಗಿಯುತ್ತಿತ್ತು.

ನಾನು ಸ್ವತಃ ನುಡಿಸದಿದ್ದರೂ ಇಲ್ಲಿ ಹೇಳಲೇಬೇಕಾದ ಯಂತ್ರವೊಂದಿದೆ: ಇ-ಮ್ಯು ಸಂಸ್ಥೆಯದೇ 1987ರ ಎಸ್‌ಪಿ-1200. 12 ಬಿಟ್, 26.04 ಕಿಲೊಹರ್ಟ್ಸ್, ಒಟ್ಟು ಹತ್ತು ಸೆಕೆಂಡು, ಒಂದೊಂದು ತುಣುಕಿಗೆ ಹೆಚ್ಚೆಂದರೆ ಎರಡೂವರೆ. ಅಮೆರಿಕದ ಹಿಪ್‌ಹಾಪ್ ನಿರ್ಮಾಪಕರು 33ರ ವೇಗದ ಗ್ರಾಮಫೋನ್ ತಟ್ಟೆಯನ್ನು 45ರ ವೇಗದಲ್ಲಿ ಓಡಿಸಿ, ಕೀಚಲು ಧ್ವನಿಯಲ್ಲಿ ಬೇಗ ಬೇಗ ಯಂತ್ರಕ್ಕೆ ತುಂಬಿಸಿ, ಆಮೇಲೆ ಒಳಗೆ ಸ್ವರ ಇಳಿಸಿ ಮೂಲದ ವೇಗಕ್ಕೆ ತರುತ್ತಿದ್ದರು. ಸೆಕೆಂಡು ಉಳಿಸಲು ಹೂಡಿದ ಈ ಉಪಾಯದಿಂದ ನಾದಕ್ಕೆ ಬಂದ ಮಬ್ಬು ಮತ್ತು ಒರಟನ್ನು ಇಂದು ಹೊಸ ತಂತ್ರಾಂಶಗಳು ಅನುಕರಿಸುತ್ತವೆ. ತುಣುಕುಗಳು ಉದ್ದವಾಗಿ, ಗುರುತು ಸಿಗುವಂತಾದಾಗ ವಕೀಲರೂ ಬಂದರು. ರ‍್ಯಾಪ್ ಗಾಯಕ ಬಿಜ್ ಮಾರ್ಕಿ ಅವರ ವಿರುದ್ಧದ 1991ರ ತೀರ್ಪಿನ ನಂತರ ಬೇರೆಯವರ ಹಾಡಿನ ತುಣುಕು ಬಳಸಲು ಮೊದಲೇ ಅನುಮತಿ ಪಡೆಯುವುದು ಅಮೆರಿಕದ ಕಂಪನಿಗಳಲ್ಲಿ ರೂಢಿಯಾಯಿತು.

ಇವುಗಳಲ್ಲಿ ಯಾವುದನ್ನು ಕೊಳ್ಳಬೇಕೆಂದು ಯಾರಾದರೂ ಕೇಳಿದರೆ, ಫೇರ್‌ಲೈಟನ್ನು ಕೊಳ್ಳುವ ಮಾತೇ ಬೇಡ, ಅದನ್ನು ಎಲ್ಲಾದರೂ ಸಿಕ್ಕಿದಲ್ಲಿ ಎರಡು ದಿನ ನುಡಿಸಿ ಬನ್ನಿ ಎನ್ನುತ್ತೇನೆ. ಅದರ ಬಿಡಿಭಾಗ ಹುಡುಕುವುದೇ ಒಂದು ಉದ್ಯೋಗ. ನಾದದ ಸುಖಕ್ಕೆ ನನ್ನ ಮತ ಎಮ್ಯುಲೇಟರ್ 2ಕ್ಕೆ, ದಿನನಿತ್ಯದ ಕೆಲಸಕ್ಕೆ ಎಸ್‌900ಕ್ಕೆ. ಹದಿನಾರರ ಎಣಿಕೆಗೆ ಹೆದರದವರು, ಡ್ರೈವ್ ಸರಿಯಿದೆಯೆಂದು ಕಣ್ಣಾರೆ ನೋಡಿಕೊಂಡು, ಮಿರಾಜ್ ತೆಗೆದುಕೊಳ್ಳಬಹುದು. ಮನೆಯಲ್ಲಿ ಎಂಟು ವರ್ಷದ ಮಗುವಿದ್ದರೆ ಎಸ್‌ಕೆ-1ರ ಮುಂದೆ ಉಳಿದ ನಾಲ್ಕೂ ದಂಡ.

ಪರೀಕ್ಷೆಯ ಕೊನೆಯಲ್ಲಿ ಐದೂ ಯಂತ್ರಗಳ ತಂಬೂರಿಯನ್ನು ಒಂದೇ ಗಟ್ಟಿತನಕ್ಕೆ ತಂದು, ಯಾವುದು ಯಾವುದೆಂದು ಹೇಳದೆ ಹೆಂಡತಿಗೆ ಕೇಳಿಸಿದೆ. ಎಸ್‌ಕೆ-1ನ್ನು ಅವಳು ಜೀರುಂಡೆ ಎಂದಳು, ಫೇರ್‌ಲೈಟನ್ನು ಹಾರ್ಮೋನಿಯಂ ಎಂದಳು, ಮಿರಾಜ್‌ನದು ಪಕ್ಕದ ಮನೆಯಲ್ಲಿ ಯಾರೋ ಮೀಟುತ್ತಿರುವಂತಿದೆ ಎಂದಳು. ಎಮ್ಯುಲೇಟರ್ 2ಕ್ಕೆ ಕಣ್ಣು ಮುಚ್ಚಿ ಎರಡು ನಿಮಿಷ ಆಲಾಪನೆ ಮಾಡಿ, ತಂಬೂರಿಗೆ ಮಳೆಗಾಲದ ಥಂಡಿ ಹಿಡಿದಿದೆ, ಆದರೆ ಹಾಡಬಹುದು ಎಂದಳು. ಎಸ್‌900 ಆರಂಭವಾದೊಡನೆ ಇದು ತನ್ನದೇ ತಂಬೂರಿಯೆಂದು ಗುರುತು ಹಿಡಿದಳು. ಹಾಡಲು ತೊಡಗಿದವಳು ಮೂರನೆಯ ಸುತ್ತಿಗೆ ನಿಲ್ಲಿಸಿ, ಎರಡನೆಯ ಮಂದ್ರದ ಮೀಟಿನಲ್ಲಿ ತನ್ನ ಉಗುರು ತಂತಿಗೆ ತಾಗಿದ ಸದ್ದು ಪ್ರತಿ ಹತ್ತು ಸೆಕೆಂಡಿಗೊಮ್ಮೆ ಬರುತ್ತಿದೆಯೆಂದೂ, ಒಮ್ಮೆ ಕೇಳಿಸಿದ ಮೇಲೆ ಅದು ಬಿಟ್ಟು ಬೇರೇನೂ ಕೇಳಿಸುತ್ತಿಲ್ಲವೆಂದೂ ಹೇಳಿದಳು. ಮುಂದಿನ ಶನಿವಾರ ಅವಳಿಂದ ಇನ್ನೊಮ್ಮೆ, ಉಗುರು ಕತ್ತರಿಸಿಕೊಂಡ ಮೇಲೆ, ಎರಡು ಸುತ್ತು ಮೀಟಿಸಿಕೊಳ್ಳಬೇಕಾಗಿದೆ.